ನಡೆದ ಹಾದಿಯ ಲೆಕ್ಕ

ದೇವಣಗಾಂವದ ಬಳಿ ಭೀಮಾ ನದಿಯ ಸೇತುವೆ ದಾಟಿದರೆ ಆಚೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕು, ಈಚೆ ವಿಜಯಪುರ ಜಿಲ್ಲೆಯ ಸಿಂದಗಿ–ಆಲಮೇಲ ಸೀಮೆ. ಈ ಭಾಗದಲ್ಲಿ ನಡೆಯುವುದು ಹೊಸದೇನಲ್ಲ. ಹೊಲಕ್ಕೆ ನಡೆಯುತ್ತಾರೆ, ಶಾಲೆಗೆ ನಡೆಯುತ್ತಾರೆ, ಘತ್ತರಗಿ ಭಾಗ್ಯವಂತಿಗೂ ಗಾಣಗಾಪುರದ ದತ್ತನಿಗೂ ನಡೆಯುತ್ತಾರೆ. ಶೀಗಿ ಹುಣ್ಣಿಮೆ ಬಂತೆಂದರೆ ತುಳಜಾಪುರದ ಹಾದಿ, ಯುಗಾದಿ ಬಂತೆಂದರೆ ಶ್ರೀಶೈಲದ ಹಾದಿ. ಹೊಸದಾಗಿ ಬಂದಿರುವುದು ಈ ನಡಿಗೆಯ ಲೆಕ್ಕ ಇಡುವ ವಾಚು, ಫೋನು. ಆಕಾಶದ ಉಪಗ್ರಹಗಳಿಂದ ಜಾಗ ತಿಳಿದುಕೊಂಡು ನಡೆದ ಹಾದಿಯನ್ನು ಗೆರೆಯಾಗಿ ಬರೆದಿಡುವ ಈ ಸಾಧನದಿಂದ ಆರೋಗ್ಯಕ್ಕೆ ಒಳ್ಳೆಯದಾಗುತ್ತದೆಯೇ? ಇಬ್ಬರು ಮಾತಾಡುತ್ತಾರೆ. ಒಬ್ಬರು ಅರವತ್ತು ದಾಟಿದ ರೈತ, ಶುಗರ್ ಇದೆ, ಮಗ ಪುಣೆಯಿಂದ ಕಳಿಸಿದ ವಾಚು ಕೈಯಲ್ಲಿದೆ. ಇನ್ನೊಬ್ಬಳು ಆರೋಗ್ಯ ಉಪಕೇಂದ್ರದಲ್ಲಿ ಕೆಲಸ ಮಾಡುವ ಸಮುದಾಯ ಆರೋಗ್ಯ ಅಧಿಕಾರಿ; ಊರವರಿಗೆ ಸಿಸ್ಟರ್. ಇಲ್ಲಿ ಹಿರಿಯರೇ ಉಪಗ್ರಹದ ಪರ, ಕಿರಿಯಳದೇ ಅನುಮಾನ. ಮಾತು ಆ ಸೀಮೆಯ ನುಡಿಯಲ್ಲೇ ಇರಲಿ.

ಕಾಕಾ: ತಂಗಿ, ಇದನ್ನ ನೋಡು. ಮುಂಜಾನೆ ಸೇತುವಿ ದಾಟಿ ಹೋಗಿ ಬಂದ ಗೆರಿ. ಎಲ್ಲಿ ನಿಂತೆ, ಎಲ್ಲಿ ಕುಂತು ನೀರು ಕುಡದೆ, ಎಲ್ಲಾ ಬಂದೈತಿ. ಮಗ ಪುಣೆದಾಗ ಕುಂತು ನೋಡ್ತಾನ.

ಸಿಸ್ಟರ್: ಮಗ ನೋಡ್ತಾನ, ಸರಿ ಕಾಕಾ. ಇನ್ನ ಯಾರ್ಯಾರು ನೋಡ್ತಾರಂತ ಕೇಳೀರೇನು?

ಕಾಕಾ: ಮ್ಯಾಲಿನ ಉಪಗ್ರಹ ನಮ್ಮನ್ನ ನೋಡ್ತೈತಿ ಅಂತ ಹೆದರಸಬ್ಯಾಡ. ಅದು ನೋಡೋದಿಲ್ಲ. ಇಪ್ಪತ್ತು ಸಾವಿರ ಕಿಲೋಮೀಟರ್ ಮ್ಯಾಲ ತಿರಗೋ ಜಿಪಿಎಸ್ ಉಪಗ್ರಹ ಹೇಳೋದು ಎರಡ ಮಾತು: ನಾ ಇಲ್ಲಿ ಅದೀನಿ, ಈಗ ಇಷ್ಟು ಹೊತ್ತಾಗೇತಿ. ವಾಚು ಅದನ್ನ ಕೇಳಿಸ್ಕೊಂಡು, ಕಡಿಮಿ ಅಂದ್ರೂ ನಾಕು ಉಪಗ್ರಹದ ಮಾತು ಕೂಡಿಸಿ ತಾನು ಎಲ್ಲಿ ಅದೀನಂತ ತಾನ ಲೆಕ್ಕ ಹಾಕ್ತೈತಿ. ನೀ ಮನ್ಯಾಗ ರೇಡಿಯೊ ಹಚ್ಚಿದ್ರ ವಿಜಯಪುರ ಆಕಾಶವಾಣಿಯವರಿಗೆ ಗೊತ್ತಾಗತೈತೇನು, ಯಾರು ಕೇಳಾಕತ್ಯಾರಂತ? ಇದೂ ಹಂಗ.

ಸಿಸ್ಟರ್: ಬರೋಬ್ಬರಿ ತಿಳಕೊಂಡೀರಿ.

ಕಾಕಾ: ತಿಳಕೊಳ್ದ ಹ್ಯಾಂಗ? ಆ ಉಪಗ್ರಹದಾಗ ಅಣುಗಡಿಯಾರ ಅದಾವ. ಸೆಕೆಂಡಿನ ಹತ್ತು ಲಕ್ಷದಾಗ ಒಂದು ಪಾಲು ತಪ್ಪಿದ್ರೂ ಜಾಗ 300 ಮೀಟರ್ ತಪ್ಪತೈತಿ. ಮೊದಲ ಅಮೆರಿಕದವರು ಬೇಕಂತ ಮಸುಕು ಮಾಡಿ ಬಿಡ್ತಿದ್ರು, ನೂರು ಮೀಟರ್ ತನಕ ತಪ್ಪು ಬರ್ತಿತ್ತು. 2000ದ ಮೇ 2ಕ್ಕ ಆ ಮಸುಕು ತಗದ್ರು. ಈಗ ಬಯಲಾಗ ನಿಂತ್ರ ಫೋನಿನ ತಪ್ಪು ಐದು ಮೀಟರಿನ ಆಸುಪಾಸು. ನಮ್ಮದು ಎರಿ ಸೀಮಿ. ಮುಗಲು ಪೂರ್ತಿ ತೆರದೈತಿ. ಬೆಂಗಳೂರಿನ ದೊಡ್ಡ ಕಟ್ಟಡದ ಸಂದ್ಯಾಗ ಸಿಗ್ನಲ್ ಗೋಡಿಗೆ ಬಡದು ಬರ್ತೈತಿ, ಗೆರಿ ಡೊಂಕಾಗತೈತಿ. ನಮ್ಮಲ್ಲಿ ನೆಟ್ಟಗ ಬರ್ತೈತಿ. ಶ್ರೀಶೈಲದ ಹಾದ್ಯಾಗ ನಲ್ಲಮಲ ಅಡವಿ ಹೊಕ್ಕಾಗ ಫೋನಿನಾಗ ಒಂದು ಕಡ್ಡಿ ಇರಲಿಲ್ಲ. ಆದ್ರೂ ನಾಗಲೂಟಿಯಿಂದ ಭೀಮನಕೊಳ್ಳದ ತನಕ ಗೆರಿ ಬಂತು. ಗಿಡದ ನೆರಳಾಗ ತುಸು ಅಲುಗಾಡಿತ್ತು ಅಷ್ಟ. ಉಪಗ್ರಹಕ್ಕ ಸಿಮ್ಮು ಬೇಕಾಗಿಲ್ಲ.

ಸಿಸ್ಟರ್: ಉಪಗ್ರಹದ ಮ್ಯಾಲ ನನ್ನ ತಕರಾರಿಲ್ಲರಿ. ಕೇಳಿಸ್ಕೊಂಡದ್ದನ್ನ ವಾಚು ಫೋನಿಗೆ ಹೇಳ್ತೈತಿ, ಫೋನು ಕಂಪನಿಗೆ ಹೇಳ್ತೈತಿ. ಅಲ್ಲಿಂದ ಮುಂದ ನಿಮ್ಮ ಕೈಯಾಗ ಏನೈತಿ? 2018ರ ಜನವರಿಯಾಗ ಏನಾತು ಗೊತ್ತೇನು? ಸ್ಟ್ರಾವಾ ಅಂತ ಓಡೋರು, ಸೈಕಲ್ ಹೊಡಿಯೋರು ಬಳಸೋ ಆ್ಯಪು. ಜಗತ್ತಿನ ಮಂದಿ ನಡದ ಹಾದಿ ಎಲ್ಲಾ ಕೂಡಿಸಿ ಒಂದು ನಕ್ಷಿ ಮಾಡಿ ಮುಂಚಿನ ವರ್ಷ ಬಿಟ್ಟಿತ್ತು. ಯಾರ ಹೆಸರೂ ಇರಲಿಲ್ಲ. ಆದ್ರ ಮರಳುಗಾಡಿನಾಗ ಎಲ್ಲೆಲ್ಲಿ ಅಮೆರಿಕದ ಸೈನಿಕರು ಮುಂಜಾನೆ ಓಡ್ತಿದ್ರೋ ಅಲ್ಲೆಲ್ಲಾ ಗೆರಿ ಹೊಳೀತಿದ್ವು. ಸೈನ್ಯದ ಠಾಣೆ ಎಲ್ಲಿ ಐತಿ, ಒಳಗಿನ ಹಾದಿ ಯಾವುದು, ಎಲ್ಲಾ ಬಯಲು. ಅದನ್ನ ಹಿಡದಾತ ಆಸ್ಟ್ರೇಲಿಯಾದ ಒಬ್ಬ ಕಾಲೇಜು ಹುಡುಗ.

ಕಾಕಾ: ನಾ ಸೈನಿಕ ಅಲ್ಲವಾ. ನಾ ತೊಗರಿ ಹೊಲಕ್ಕ ಹೋಗೋದ್ರಾಗ ಮುಚ್ಚಿಡೋದು ಏನೈತಿ?

ಸಿಸ್ಟರ್: ನಿಮ್ಮ ಮನಿ ಎಷ್ಟೊತ್ತಿಗೆ ಖಾಲಿ ಇರ್ತೈತಿ ಅನ್ನೋದು ಆ ಗೆರಿಯಾಗ ಐತಿ. ನಿಮ್ಮ ಮೊಮ್ಮಗಳ ಕೈಗೆ ಇಂಥಾದ ವಾಚು ಕಟ್ಟಿದ್ರ, ಆಕಿ ಯಾವ ಹೊತ್ತಿನಾಗ ಯಾವ ಹಾದಿ ಹಿಡದು ಒಬ್ಬಾಕಿನ ಬರ್ತಾಳ ಅನ್ನೋದೂ ಇರ್ತೈತಿ. ನಡಿಗಿ ಆರೋಗ್ಯದ ಮಾತಂತ ನಾವು ತಿಳೀತೀವಿ. ಬ್ಯಾರೆಯವರು ಅದನ್ನ ಹಾಜರಿ ಅಂತ ಓದ್ತಾರ. ನರೇಗಾ ಕೆಲಸದಾಗ 2023ರ ಜನವರಿ 1ರಿಂದ ದಿನಕ್ಕ ಎರಡು ಸಲ ಫೋಟೊ ಹೊಡದು ಜಾಗದ ಗುರುತು ಸಮೇತ ಹಾಕೋದು ಕಡ್ಡಾಯ ಆತು. ಕೆರಿ ಹೂಳು ಎತ್ತೋ ಹೆಣ್ಮಕ್ಕಳು ಮುಂಜಾನೆದ ಕೆಲಸ ಮುಗಿಸಿದ್ರೂ ಎರಡನೇ ಫೋಟೊಕ್ಕ ಕಾಯಬೇಕಾತು. ಅದೂ ಜಿಪಿಎಸ್ ಅಲ್ಲೇನು?

ಕಾಕಾ: ಆ ಮಾತು ಬ್ಯಾರೆ, ಈ ಮಾತು ಬ್ಯಾರೆ. ಅಲ್ಲಿ ಮ್ಯಾಲಿನವರು ಕಟ್ಟಿದ್ದು. ಇಲ್ಲಿ ನಾನಾಗಿ ಕಟಗೊಂಡದ್ದು.

ಸಿಸ್ಟರ್: ಇವತ್ತ ನೀವಾಗಿ ಕಟಗೊಂಡೀರಿ. ನಾಳೆ ಆರೋಗ್ಯ ವಿಮಾದವರು, ನಡೆಯೋರಿಗೆ ಕಂತು ಕಡಿಮಿ, ಗೆರಿ ತೋರಸ್ರಿ ಅಂದ್ರ? ಕಾಲು ಇಲ್ಲದಾವ ಏನು ತೋರಸಬೇಕು? ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಕೇಸಿನಾಗ 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕುಂತು ಹೇಳ್ಯಾರ, ಖಾಸಗಿತನ ಮೂಲಭೂತ ಹಕ್ಕು ಅಂತ. ಸರಕಾರಕ್ಕ ಹೇಳಿದ ಮಾತು ಅದು. ಹಕ್ಕು ಇದ್ದದ್ದು ಖರೆ ಆದ್ರ ನಾವು ‘ಒಪ್ಪಿಗೆ’ ಅನ್ನೋ ಬಟನ್ ಓದದ ಒತ್ತಬಾರದು.

ಕಾಕಾ: ಅದನ್ನ ಒಪ್ಪತೀನಿ. ನಾನೂ ಓದದ ಒತ್ತೀನಿ. ಆದ್ರ ನೀ ನನ್ನ ಒಂದು ಮಾತಿಗೆ ಉತ್ತರ ಹೇಳು. ನಿನ್ನ ಕಡೆ ಶುಗರಿನವರು ಬರ್ತಾರಲ್ಲ, ದಿನಾ ನಡೀತೀರೇನು ಅಂತ ಕೇಳಿದ್ರ ಏನಂತಾರ?

ಸಿಸ್ಟರ್: ನಡೀತೀವ್ರಿ ಅಂತಾರ. ಎಲ್ಲಾರೂ ಅಂತಾರ.

ಕಾಕಾ: ನೀ ಏನು ಬರಕೊಳ್ತಿ?

ಸಿಸ್ಟರ್: ನಡೀತಾರ ಅಂತ ಬರಕೊಳ್ತೀನಿ.

ಕಾಕಾ: ಮತ್ತ? ಹೊಲಕ್ಕ ಹೋಗೋದು ಬೈಕಿನ ಮ್ಯಾಲ, ಕಿರಾಣಿ ಅಂಗಡಿಗೆ ಬೈಕಿನ ಮ್ಯಾಲ, ಹನುಮಪ್ಪನ ಗುಡಿಗೂ ಬೈಕಿನ ಮ್ಯಾಲ. ಬಾಯಾಗ ಮಾತ್ರ ನಡೀತೀವಿ. ಐಸಿಎಂಆರಿನವರು 2023ರಾಗ ಹೇಳ್ಯಾರ, ದೇಶದಾಗ 10 ಕೋಟಿಗೆ ಮಿಕ್ಕಿ ಮಂದಿಗೆ ಶುಗರ್ ಐತಿ, ಇನ್ನ 13 ಕೋಟಿ ಮಂದಿ ಹೊಸ್ತಿಲಾಗ ನಿಂತಾರ ಅಂತ. ಇದು ಪ್ಯಾಟಿ ಬ್ಯಾನಿ ಅಂತಿದ್ವಿ, ಈಗ ನಮ್ಮ ಓಣಿಗೆ ಬಂದೈತಿ. ಇಂಥಾ ಹೊತ್ತಿನಾಗ ಖರೆ ಹೇಳೋ ಸಾಕ್ಷಿ ಒಂದು ಕೈಯಾಗ ಇದ್ರ ನಿನಗ್ಯಾಕ ಬ್ಯಾಸರ?

ಸಿಸ್ಟರ್: ಸಾಕ್ಷಿ ಖರೆ ಹೇಳ್ತೈತಿ, ಆದ್ರ ಅರ್ಧ ಹೇಳ್ತೈತಿ. ನಿಮ್ಮ ವಾಚಿನಾಗ ಹೆಜ್ಜಿ ಎಣಿಸೋದು ಉಪಗ್ರಹ ಅಲ್ಲರಿ, ಅಲುಗಾಟ ಹಿಡಿಯೋ ಒಂದು ಸಣ್ಣ ಸಾಮಾನು. ಕೆಟ್ಟ ರಸ್ತ್ಯಾಗ ಟ್ರ್ಯಾಕ್ಟರ್ ಮ್ಯಾಲ ಕುಂತು ಹೋದ್ರೂ ಒಮ್ಮೊಮ್ಮೆ ಹೆಜ್ಜಿ ಏರತಾವ. ಕ್ಯಾಲರಿ ಅಂತ ತೋರಸೋದು ನಿಮ್ಮ ವಯಸ್ಸು, ತೂಕ, ವೇಗ ನೋಡಿ ಹಾಕಿದ ಅಂದಾಜು. ಹತ್ತು ಸಾವಿರ ಹೆಜ್ಜಿ ಅಂತ ಎಲ್ಲಾರೂ ಬಡಕೊಳ್ತಾರಲ್ಲ, ಅದು ಯಾವ ಡಾಕ್ಟರು ಹೇಳಿದ್ದೂ ಅಲ್ಲ. 1965ರಾಗ ಜಪಾನಿನ ಒಂದು ಕಂಪನಿ ಹೆಜ್ಜಿ ಎಣಿಸೋ ಯಂತ್ರ ಮಾರಾಕ ಇಟ್ಟ ಹೆಸರು. ಅದಕ್ಕೂ ಕಡಿಮಿ ಹೆಜ್ಜಿಯಾಗನ ಬೇಕಾದಷ್ಟು ಒಳ್ಳೇದಾಗತೈತಿ. ವಿಶ್ವ ಆರೋಗ್ಯ ಸಂಸ್ಥೆ ಕೇಳೋದು ವಾರಕ್ಕ 150ರಿಂದ 300 ನಿಮಿಷ ಮೈ ಬಿಸಿ ಆಗೋ ಅಷ್ಟು ಚಟುವಟಿಕಿ. ಹೆಜ್ಜಿ ಲೆಕ್ಕ ಕೇಳೇ ಇಲ್ಲ.

ಕಾಕಾ: ನಿಮಿಷದ ಲೆಕ್ಕಾನೂ ವಾಚಿನಾಗ ಐತಿ.

ಸಿಸ್ಟರ್: ಕಾಕಿದು ಐತೇನು?

ಕಾಕಾ: ಆಕಿಗೆಲ್ಲಿ ವಾಚು?

ಸಿಸ್ಟರ್: ಕಟ್ಟಿದ್ರಿ ಅಂತ ತಿಳಕೊಳ್ರಿ. ನಿನ್ನಿ ಕಾಕಿ ಕುರಪಿ ಹಿಡದು ಮುಂಜಾನಿಂದ ಸಂಜಿತನಕ ಸದಿ ತಗದ್ರು. ಕುಕ್ಕರಗಾಲಿಲೆ ಕುಂತು ಒಂದೊಂದ ಗೇಣು ಮುಂದ ಸರಕೊಂತ ಹೋಗೋದು. ನಿಮ್ಮ ಉಪಗ್ರಹಕ್ಕ ಅದು ಹೆಂಗ ಕಾಣತೈತಿ ಗೊತ್ತೇನು? ಒಂದ ಹೊಲದಾಗ ಒಂದು ಚುಕ್ಕಿ. ಐದು ಮೀಟರ್ ತಪ್ಪೋ ಯಂತ್ರಕ್ಕ ಗೇಣಿನ ಲೆಕ್ಕ ಹ್ಯಾಂಗ ಸಿಗಬೇಕು? ದಿನಾಪೂರ್ತಿ ಮೈ ಮುರಿದಾಕಿ ಸುಮ್ನ ಕುಂತಾಳ ಅಂತ ಬರೀತೈತಿ. ಸಂಜಿಮುಂದ ಹಾದಿ ಹಿಡದು ಗಾಳಿಗೆ ಹೋಗಿ ಬಂದ ನಿಮಗ ಪದಕ ಕೊಡತೈತಿ.

ಕಾಕಾ: (ತುಸು ಹೊತ್ತು ಸುಮ್ಮನಿದ್ದು) ಆಕಿ ಕೆಲಸಕ್ಕ ಪದಕ ನಾನೂ ಕೊಟ್ಟಿಲ್ಲ, ವಾಚೂ ಕೊಟ್ಟಿಲ್ಲ. ಆ ಮಾತು ಇರಲಿ. ಆದ್ರ ಆಕಿನ ಮೊಳಕಾಲು ನೋವಿಗೆ ನೀ ಏನು ಹೇಳಿದಿ? ನಡೀರಿ ಅಂತಲ್ಲೇನು? ದುಡಿಮಿ ಬ್ಯಾರೆ, ನಡಿಗಿ ಬ್ಯಾರೆ ಅಂತ ನಿಮ್ಮ ದವಾಖಾನಿನೂ ಹೇಳ್ತೈತಿ.

ಸಿಸ್ಟರ್: ಹೌದ್ರಿ, ಹೇಳೀನಿ. ಕುಕ್ಕರಗಾಲಿಲೆ ಕುಂತ ದುಡಿಮಿ ಮೊಳಕಾಲು ತಿಂತೈತಿ, ಸಮ ನೆಲದ ನಡಿಗಿ ಅದನ್ನ ಉಳಸತೈತಿ. ಇಲ್ಲಿ ನೀವು ಗೆದ್ರಿ.

ಇಲ್ಲಿ ನನ್ನದೊಂದು ಮಾತು. ನಗರದವರು ವ್ಯಾಯಾಮ ಎಂದು ಕರೆಯುವುದನ್ನು ಅಳೆಯಲು ಹುಟ್ಟಿದ ಸಾಧನಗಳಿವು. ಬೆಂಗಳೂರಿನಲ್ಲಿ ಸೈಕಲ್ ಮೇಲೆ ಆಫೀಸಿಗೆ ಹೋಗುವವರು ‘ಸೈಕಲ್ ಟು ವರ್ಕ್’ ವ್ಯವಸ್ಥೆಯಲ್ಲಿ ತಮ್ಮ ಸವಾರಿ ದಾಖಲಿಸುತ್ತಾರೆ. ಆ ಲೆಕ್ಕ ಅಲ್ಲಿ ಬೆಲೆಯುಳ್ಳದ್ದು, ಏಕೆಂದರೆ ಅವರ ಮುಂದೆ ಕಾರಿನ ಆಯ್ಕೆಯೂ ಇತ್ತು. ದೇವಣಗಾಂವದ ಹೊಲದ ಹಾದಿಯಲ್ಲಿ ನಡೆಯುವ ಹೆಣ್ಣುಮಗಳಿಗೆ ಆ ಆಯ್ಕೆ ಇಲ್ಲ. ಒಂದೇ ಗೆರೆ ಇಬ್ಬರ ವಿಷಯದಲ್ಲೂ ಒಂದೇ ಅರ್ಥ ಕೊಡುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಗೆರೆಯೇ ಬೇಡ ಎನ್ನುವುದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ಕಾರಣ ಕಾಕಾನ ಮುಂದಿನ ಮಾತಿನಲ್ಲಿದೆ.

ಕಾಕಾ: ನಾ ಇವತ್ತ ನಿನ್ನ ಕಡೆ ಯಾಕ ಬಂದೆ ಕೇಳು. ದಿನಾ ಅದ ಹಾದಿ, ಅದ ಸೇತುವಿ. ಮಳಿಗಾಲ ಮುಗದ ಮ್ಯಾಲ ನೋಡತೀನಿ, ಅಷ್ಟ ಹಾದಿಗೆ ಹೊತ್ತು ಹೆಚ್ಚಿಗೆ ಹಿಡ್ಯಾಕತ್ತೈತಿ. ನನಗ ನಡಿಗಿ ಮೊದಲಿನಂಗನ ಐತಿ ಅನಸತೈತಿ. ವಾಚು ಅಲ್ಲ ಅಂತೈತಿ. ವಾರವಾರಕ್ಕ ತುಸು ತುಸು ಇಳದೈತಿ. ದಣಿವಿಲ್ಲ, ಉಬ್ಬಸ ಇಲ್ಲ. ಮತ್ತ ಯಾಕ ಅಂತ ತಿಳಿವಲ್ದು.

ಸಿಸ್ಟರ್: ಇದನ್ನ ಮೊದಲ ಹೇಳಬಾರದೇನ್ರಿ? ಕಾಲು ಚಾಚ್ರಿ. ಕಣ್ಣು ಮುಚ್ರಿ.

ಆಕೆ ಚೀಲದಿಂದ ಒಂದು ಹಿಡಿಕೆ ತೆಗೆದಳು. ಅದರ ತುದಿಯಲ್ಲಿ ಮೀನಿನ ಗಾಳದ ದಾರದಂಥ ನೈಲಾನ್ ಎಳೆ. ಹತ್ತು ಗ್ರಾಂ ಒತ್ತಡ ಬಿದ್ದ ಕೂಡಲೇ ಬಾಗುವ ಹಾಗೆ ಮಾಡಿದ್ದು. ಪಾದದ ಅಡಿಗೆ ಒಂದೊಂದೇ ಕಡೆ ಮುಟ್ಟಿಸಿ, ಎಳೆ ಬಾಗುವತನಕ ಒತ್ತಿ ತೆಗೆಯುತ್ತಾಳೆ. ಮುಟ್ಟಿದ್ದು ಗೊತ್ತಾದರೆ ಹೂಂ ಅನ್ನಬೇಕು. ಬಲಗಾಲಿನಲ್ಲಿ ಎಲ್ಲ ಕಡೆ ಹೂಂ. ಎಡಗಾಲಿನ ಹೆಬ್ಬೆರಳಿನ ಕೆಳಗೆ ಎಳೆ ಬಾಗಿತು, ಹೂಂ ಬರಲಿಲ್ಲ. ಮತ್ತೊಮ್ಮೆ ಒತ್ತಿದಳು. ಕಾಕಾ ಕಣ್ಣು ಮುಚ್ಚಿಕೊಂಡೇ, ಯಾವಾಗ ಶುರು ಮಾಡತಿ ತಂಗಿ, ಎಂದರು. ಅದೇ ಬೆರಳಿನ ಅಂಚಿನಲ್ಲಿ ಹಳೆಯ ಗುಳ್ಳೆಯೊಂದು ಒಡೆದು ಗಟ್ಟಿಯಾಗಿತ್ತು.

ಸಿಸ್ಟರ್: ಇದು ಯಾವಾಗಿಂದು?

ಕಾಕಾ: ಯಾವುದು?

ಸಿಸ್ಟರ್: ನೋಡ್ರಿ, ಗುಳ್ಳಿ ಆಗಿದ್ದ ನಿಮಗ ಗೊತ್ತಿಲ್ಲ. ಶುಗರಿಗೆ ನರ ಸತ್ರ ಮುಟ್ಟಿದ್ದು ತಿಳಿಯೂದಿಲ್ಲ. ಮುಳ್ಳು ನೆಟ್ರೂ ತಿಳಿಯೂದಿಲ್ಲ, ಬಿಸಿ ಡಾಂಬರು ಸುಟ್ರೂ ತಿಳಿಯೂದಿಲ್ಲ. ಗಾಯ ಕೀವಾಗಿ ಬೆರಳು ತಗಿಯೋ ತನಕ ಹೋಗತೈತಿ. ಉಪಗ್ರಹ ನಿಮ್ಮ ಹಾದಿ ಬರದೈತಿ ಕಾಕಾ, ನಿಮ್ಮ ಪಾದ ಅದಕ್ಕ ಕಾಣೂದಿಲ್ಲ.

ಕಾಕಾ: ಪಾದ ಕಾಣಲಿಲ್ಲ, ಖರೆ. ಆದ್ರ ವೇಗ ಇಳದದ್ದು ಅದಕ್ಕನ ಕಾಣಸ್ತು. ಅದು ಹೇಳಲಿಲ್ಲ ಅಂದ್ರ ನಾ ನಿನ್ನ ಮುಂದ ಕಾಲು ಚಾಚತಿದ್ದಿಲ್ಲ.

ಸಿಸ್ಟರ್: ಅದನ್ನ ನಾ ಇಲ್ಲ ಅನ್ನೂದಿಲ್ಲ. ನಮ್ಮ ಕಡೆ ಬಿಪಿ, ಶುಗರ್, ತೂಕ ಎಲ್ಲಾ ಬರೀತೀವಿ. ನಡಿಗಿ ವೇಗ ಯಾರೂ ಬರಿಯೂದಿಲ್ಲ. ಒಬ್ಬ ಮನಿಷಾ ತನ್ನ ಹಾದ್ಯಾಗ ತಾನು ಎಷ್ಟು ನಿಧಾನ ಆಗ್ಯಾನ ಅನ್ನೋದು ಬಾಳ ದೊಡ್ಡ ಸುದ್ದಿ. ವೇಗಕ್ಕ ಈ ಬೆರಳ ಕಾರಣ ಅಂತ ನಾ ಈಗ ಹೇಳಾಕ ಬರೂದಿಲ್ಲ. ತಾಲೂಕ ದವಾಖಾನಿಗೆ ಬರದು ಕೊಡತೀನಿ, ಅಲ್ಲಿ ನರ, ರಕ್ತದ ಹರಿವು ಎರಡೂ ನೋಡಲಿ. ಅಲ್ಲಿತನಕ ಬರಿಗಾಲಿಲೆ ಒಂದು ಹೆಜ್ಜಿ ಬ್ಯಾಡ.

ಕಾಕಾ: ಶೀಗಿ ಹುಣ್ಣಿವಿಗೆ ತುಳಜಾಪುರದ ಹರಕಿ ಐತಿ. ಅಂಬಾಭವಾನಿಗೆ ಹೊತ್ತ ಹರಕಿ. ಚಪ್ಪಲಿ ಮೆಟ್ಟಿ ಹ್ಯಾಂಗ ಹೋಗಲಿ?

ಸಿಸ್ಟರ್: ಗುಡಿ ಮುಂದ ಬಿಡ್ರಿ. ಹಾದ್ಯಾಗ ಮೆಟ್ರಿ.

ಕಾಕಾ: ಅದು ನನ್ನ ಮತ್ತ ಅವ್ವನ ನಡುವಿನ ಮಾತು. ಅದರಾಗ ವಾಚೂ ಬರೂದಿಲ್ಲ, ನೀನೂ ಬರಬ್ಯಾಡ.

ಸಿಸ್ಟರ್: ಬರತೀನಿ ಕಾಕಾ. ಬೆರಳು ಹ್ವಾದ ಮ್ಯಾಲ ಬ್ಯಾಂಡೇಜು ಕಟ್ಟೋದು ನಾನ.

ಈ ಮಾತು ಇತ್ಯರ್ಥವಾಗಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಕಬ್ಬು ಹೇರಿದ ಜೋಡಿ ಟ್ರಾಲಿ ಟ್ರ್ಯಾಕ್ಟರೊಂದು ಡಾಂಬರಿನ ಅಂಚಿಗೆ ಉಜ್ಜಿಕೊಂಡು ಹೋಯಿತು. ಆ ಕಡೆಯಿಂದ ಬರುತ್ತಿದ್ದ ಶಾಲೆಯ ಹುಡುಗಿಯರು ತಗ್ಗಿಗೆ ಇಳಿದು ನಿಂತರು.

ಕಾಕಾ: ಇದನ್ನ ನೋಡು. ನಡೀರಿ ಅಂತಿ ನೀ. ಎಲ್ಲಿ ನಡೀಬೇಕು? 2022ರಾಗ ದೇಶದ ರಸ್ತ್ಯಾಗ ಸತ್ತವರು 1,68,491 ಮಂದಿ. ಸುಮಾರು ಐದರಾಗ ಒಬ್ಬಾವ ಕಾಲ್ನಡಿಗಿಯಾವ. ಎಂಟನೇತ್ತೆ ಮಕ್ಕಳಿಗೆ 2006ರಿಂದ ಸರಕಾರ ಸೈಕಲ್ ಕೊಡ್ತಿತ್ತು, ಕೊರೊನಾ ಬಂದಾಗ ಅದೂ ನಿಂತಿತು. ರಸ್ತಾ ಮಾಡೋರು ಲಾರಿ ಎಷ್ಟು ಹೋಗತಾವ, ಕಾರು ಎಷ್ಟು ಹೋಗತಾವ ಅಂತ ಎಣಸ್ತಾರ. ನಡೆಯೋರನ್ನ ಯಾರು ಎಣಿಸ್ಯಾರ? ಅದಕ್ಕ ನಾ ಈ ಗೆರಿ ಬಿಡೂದಿಲ್ಲ. ಊರಿನ ನಡೆಯೋರ ಗೆರಿ ಎಲ್ಲಾ ಕೂಡಿಸಿ ಒಂದು ನಕ್ಷಿ ಮಾಡಿ ಗ್ರಾಮಸಭಾದಾಗ ಇಡತೀನಿ. ಇಷ್ಟು ಮಂದಿ ಇಲ್ಲಿ ನಡೀತಾರ, ರಸ್ತಾದ ಬಾಜೂಕ ಎರಡು ಮಾರು ಜಾಗ ಬಿಡ್ರಿ, ಗಿಡ ಹಚ್ರಿ ಅಂತ ಕೇಳತೀನಿ. ಬಾಯಿಲೆ ಕೇಳಿದ್ರ ಯಾವ ಇಂಜಿನಿಯರೂ ಕಿವಿ ಕೊಡೂದಿಲ್ಲ.

ಸಿಸ್ಟರ್: ಎಣಿಸೋ ಮಾತು ತಗದ್ರಿ, ಕೇಳ್ರಿ. 2011ರ ಜನಗಣತಿಯಾಗ ಕೆಲಸಕ್ಕ ಹ್ಯಾಂಗ ಹೋಗತೀರಿ, ಎಷ್ಟು ದೂರ ಅಂತ ಕೇಳಿದ್ರು. ಯಾರನ್ನ ಕೇಳಿದ್ರು? ಒಕ್ಕಲುತನದವರನ್ನ ಬಿಟ್ರು. ಹೊಲದ ಕೂಲಿಯವರನ್ನ ಬಿಟ್ರು. ಮನ್ಯಾಗ ಕಸಬು ಮಾಡೋರನ್ನ ಬಿಟ್ರು. ಉಳಿದವರನ್ನ ಮಾತ್ರ ಕೇಳಿದ್ರು. ಅಂದ್ರ ನಮ್ಮೂರಿನಾಗ ಎಲ್ಲಾರಿಗಿಂತ ಹೆಚ್ಚಿಗೆ ನಡೆಯೋರು ಲೆಕ್ಕಕ್ಕ ಬರಲಿಲ್ಲ. ಈಗ ನಿಮ್ಮ ನಕ್ಷಿನೂ ಅದ ತಪ್ಪು ಮಾಡತೈತಿ.

ಕಾಕಾ: ನನ್ನ ನಕ್ಷಿ ಯಾಕ ಮಾಡತೈತಿ?

ಸಿಸ್ಟರ್: ಗೆರಿ ಬರಿಯೋದು ಫೋನಿದ್ದವರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾದಾಗ, ತಾವ ಬಳಸೋ ಮೊಬೈಲ್ ಇದ್ದ ಹೆಣ್ಮಕ್ಕಳು ದೇಶದಾಗ ನೂರಕ್ಕ 54. ನಮ್ಮ ಓಣಿಯಾಗ ಫೋನು ಇದ್ರೂ ಮನ್ಯಾಗ ಇರತೈತಿ, ಇಲ್ಲಾ ಗಂಡನ ಕಿಸೆದಾಗ ಇರತೈತಿ. ನಸಿಕಿನಾಗ ಬುತ್ತಿಗಂಟು ಹೊತ್ತು ಹೊಲಕ್ಕ ಹೋಗೋ ಹೆಣ್ಮಕ್ಕಳದು ಒಂದು ಗೆರಿನೂ ಬರೂದಿಲ್ಲ. ನಿಮ್ಮ ನಕ್ಷಿ ನೋಡಿದ ಇಂಜಿನಿಯರು ಸಂಜಿಮುಂದ ಗಾಳಿಗೆ ಹೋಗೋ ಗಂಡಸರ ಹಾದ್ಯಾಗ ಗಿಡ ಹಚ್ಚಿ ಹೋಗತಾನ.

ಕಾಕಾ: ಹಂಗಾರ ಅವರ ಹಾದಿ ಹ್ಯಾಂಗ ಬರೀಬೇಕು ಹೇಳು.

ಸಿಸ್ಟರ್: ಕೇಳಿ ಬರೀಬೇಕು. ನಕ್ಷಿ ಹಾಸಿ ಕುಂದರಸ್ರಿ, ಎಲ್ಲಿ ಹಾಯತೀರಿ, ಎಲ್ಲಿ ಅಂಜಿಕಿ ಬರತೈತಿ, ಎಲ್ಲಿ ಕೆಸರು, ಎಲ್ಲಿ ನಾಯಿ ಅಂತ ಕೇಳ್ರಿ. ಬೆರಳು ಇಟ್ಟು ತೋರಸ್ತಾರ. ಹೆಣ್ಮಕ್ಕಳ ಸಂಘದ ಸಭಾಕ್ಕ ಬರ್ರಿ, ನಾ ಕೂಡಸ್ತೀನಿ.

ಕಾಕಾ: ಬರತೀನಿ. ಆದ್ರ ಗ್ರಾಮಸಭಾದಾಗ ಅವರು ತೋರಿಸಿದ ಹಾದಿ ಎಷ್ಟು ಮೀಟರ್ ಅಂತ ಕೇಳಿದ್ರ ನನ್ನ ವಾಚು ಬೇಕಾಗತೈತಿ. ಆ ಹಾದಿ ನಾನ ನಡದು ಅಳೀತೀನಿ.

ಸಿಸ್ಟರ್: ಅಳೀರಿ. ಹೆಸರು ಹಾಕಬ್ಯಾಡ್ರಿ, ಹೊತ್ತು ಹಾಕಬ್ಯಾಡ್ರಿ, ಮನಿ ಬಾಗಿಲದಿಂದ ಗೆರಿ ಶುರು ಮಾಡಬ್ಯಾಡ್ರಿ. ಮತ್ತ ಚಪ್ಪಲಿ ಮೆಟ್ಟಿ ಅಳೀರಿ.

ಕಾಕಾ: ಹೊಲದ ಹಾದಿಗೆ ಮೆಟ್ಟತೀನಿ. ತುಳಜಾಪುರದ್ದು ಹುಣ್ಣಿವಿ ಬಂದಾಗ ನೋಡೂಣು.

ಓದುಗರಲ್ಲಿ ಎರಡು ಕೋರಿಕೆ. ಶುಗರ್ ಇದ್ದು ತುಳಜಾಪುರಕ್ಕೋ ಶ್ರೀಶೈಲಕ್ಕೋ ಬರಿಗಾಲಲ್ಲಿ ಹೊರಡುವವರು ನಿಮ್ಮ ಮನೆಯಲ್ಲಿದ್ದರೆ, ಹೊರಡುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅವರ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ಅದಕ್ಕೆ ಕೆಲವೇ ನಿಮಿಷ ಸಾಕು. ನಡಿಗೆಯ ಗೆರೆ ಬರೆಯುವ ಆ್ಯಪ್ ನೀವು ಬಳಸುತ್ತಿದ್ದರೆ, ಹಾದಿಯ ಎರಡೂ ತುದಿ, ಅಂದರೆ ನಿಮ್ಮ ಮನೆ ಇರುವ ಜಾಗ, ಬೇರೆಯವರಿಗೆ ಕಾಣದಂತೆ ಇಂದೇ ಮುಚ್ಚಿಡಿ. ಸ್ಟ್ರಾವಾದಲ್ಲಿ ಆ ಅನುಕೂಲ ಖಾಸಗಿತನದ ಸೆಟ್ಟಿಂಗ್‌ನಲ್ಲೇ ಇದೆ.